ಮೂರು ಕಾರ್ಡು, ಒಂದು ರೂಮು, ಬಳ್ಳಾರಿಯ ಏಪ್ರಿಲ್ಲು

ಬೆಳಿಗ್ಗೆ ಎದ್ದ ತಕ್ಷಣ, ಹಲ್ಲುಜ್ಜುವುದಕ್ಕೂ ಮೊದಲು, ನಾನು ನೋಡುವುದು ಒಂದು ಫೋಲ್ಡರ್. ರಾತ್ರಿಯೆಲ್ಲ ರೆಂಡರ್ ಆದ, ಅಂದರೆ ಕಂಪ್ಯೂಟರ್ ಲೆಕ್ಕ ಹಾಕಿ ಬಿಡಿಸಿದ, ವಿಡಿಯೋದ ಬಿಡಿ ಚಿತ್ರಗಳು, ಫ್ರೇಮುಗಳು, ಅಲ್ಲಿ ಸಾಲಾಗಿ ಕೂತಿರುತ್ತವೆ. ಎಣಿಸಿ, ಸಮಾಧಾನವಾಗಿ ಕಾಫಿಗೆ ಹೋಗುವುದು ರೂಢಿ. 2023ರ ಏಪ್ರಿಲ್‌ನಲ್ಲಿ ಒಂದು ದಿನ ಲೆಕ್ಕ ಯಾಕೋ ಕಮ್ಮಿ ಬಂತು. ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಏಳರವರೆಗೆ 140ರ ಮೇಲೆ ಆಗಬೇಕಿತ್ತು. ಆಗಿದ್ದು 108.

ಫೈಲುಗಳ ಪಕ್ಕದಲ್ಲಿರುವ ಸಮಯ ನೋಡುತ್ತಾ ಹೋದೆ. ಹನ್ನೊಂದು ಗಂಟೆಯ ಫ್ರೇಮುಗಳ ನಡುವೆ 3 ನಿಮಿಷ 20 ಸೆಕೆಂಡ್ ಅಂತರ. ಹನ್ನೆರಡೂವರೆಗೆ ನಾಲ್ಕು ನಿಮಿಷ. ಎರಡು ಗಂಟೆ ಆಗುವಷ್ಟರಲ್ಲಿ 5 ನಿಮಿಷ ದಾಟಿತ್ತು. ಸೀನ್ ಅದೇ, ಕ್ಯಾಮೆರಾ ಅದೇ ರಸ್ತೆಯ ಮೇಲೆ ಅದೇ ವೇಗದಲ್ಲಿ ಹೋಗುತ್ತಿದೆ. ಬದಲಾಗಿದ್ದು ರೂಮಿನ ಸೆಖೆ ಮಾತ್ರ. ಆವತ್ತಿನಿಂದ ಆ ಫೋಲ್ಡರ್ ನನಗೆ ಥರ್ಮಾಮೀಟರ್ ಕೂಡ ಆಯಿತು.

ನನ್ನ ಕೆಲಸ ಬಿಲ್ಡರುಗಳಿಗೆ ವಾಕ್‌ಥ್ರೂ ಮಾಡಿಕೊಡುವುದು. ಇನ್ನೂ ಕಟ್ಟದ ಮನೆಯೊಳಗೆ, ಇನ್ನೂ ಹಾಕದ ರಸ್ತೆಯ ಮೇಲೆ ಓಡಾಡಿಸುವ ವಿಡಿಯೋ. ಆ ಸಲ ಒಂದು ಲೇಔಟ್‌ನದ್ದು. ಅಕ್ಷಯ ತೃತೀಯಕ್ಕೆ ಲಾಂಚ್ ಅಂತ ಅವರು ಮುಹೂರ್ತ ಇಟ್ಟಾಗಿತ್ತು. 96 ಸೆಕೆಂಡಿನ ವಿಡಿಯೋ, ಸೆಕೆಂಡಿಗೆ 25 ಫ್ರೇಮು, ಒಟ್ಟು 2,400. ಒಂದಕ್ಕೆ ಮೂರೂವರೆ ನಿಮಿಷ ಅಂತ ಹಿಡಿದರೂ 140 ಗಂಟೆ. ಆರು ದಿನ, ಆರು ರಾತ್ರಿ ಮಷೀನು ನಿಲ್ಲಬಾರದು. ಅದೂ ಬಳ್ಳಾರಿಯಲ್ಲಿ, ಏಪ್ರಿಲ್‌ನಲ್ಲಿ. ನಮ್ಮೂರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅಂತ ನಾವೇ ತಮಾಷೆ ಮಾಡಿಕೊಳ್ಳುತ್ತೇವೆ. ರೂಮು ಇರುವುದು ಮೇಲಿನ ಮಹಡಿಯಲ್ಲಿ. ಹಗಲೆಲ್ಲ ಕಾದ ಆರ್‌ಸಿಸಿ ತಾರಸಿ ರಾತ್ರಿ ಹನ್ನೊಂದಾದರೂ ಕೆಳಗೆ ಬಿಸಿ ಸುರಿಯುತ್ತಲೇ ಇರುತ್ತದೆ.

ಮಷೀನಿನಲ್ಲಿ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡುಗಳು ಮೂರು, ಆರ್‌ಟಿಎಕ್ಸ್ 3090. ಮೂರೂ ಸೆಕೆಂಡ್ ಹ್ಯಾಂಡ್. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಮೈನಿಂಗ್, ಅಂದರೆ ಇಂಥ ಕಾರ್ಡು ಹಗಲೂ ರಾತ್ರಿ ಓಡಿಸಿ ಆ ಕ್ರಿಪ್ಟೋ ನಾಣ್ಯ ಗಳಿಸುವುದು, ನಿಂತುಹೋಯಿತಲ್ಲ, ಆಮೇಲೆ ಇಂಥ ಕಾರ್ಡುಗಳು ಮಾರ್ಕೆಟ್ಟಿಗೆ ಬುಟ್ಟಿಗಟ್ಟಲೆ ಬಂದವು. ಒಂದೊಂದರಲ್ಲಿ 24 ಜಿಬಿ ಮೆಮೊರಿ. ದೊಡ್ಡ ಲೇಔಟು, ಸಾವಿರಾರು ಗಿಡಮರ ಇರುವ ಸೀನುಗಳಿಗೆ ಹೇಳಿ ಮಾಡಿಸಿದ ಹಾಗೆ. ಆದರೆ ಒಂದು ಕಾರ್ಡಿಗೆ 350 ವ್ಯಾಟ್. ಮೂರಕ್ಕೆ 1,050. ಪ್ರೊಸೆಸರು, ಬೋರ್ಡು, ಫ್ಯಾನು ಅಂತ ಇನ್ನೊಂದು 200. ಪವರ್ ಸಪ್ಲೈಯಲ್ಲಿ ಪೋಲಾಗುವುದನ್ನೂ ಸೇರಿಸಿದರೆ ಗೋಡೆಯಿಂದ ಎಳೆಯುವುದು ಹತ್ತಿರ ಹತ್ತಿರ 1,400 ವ್ಯಾಟ್. ಅದರಲ್ಲಿ ಒಂದು ವ್ಯಾಟೂ ಬೇರೆಲ್ಲೂ ಹೋಗುವುದಿಲ್ಲ. ಚಿತ್ರ ಮೂಡುತ್ತದೆ ನಿಜ, ಆದರೆ ಕರೆಂಟೆಲ್ಲ ಕೊನೆಗೆ ಶಾಖವಾಗಿ ರೂಮಿಗೇ ಬರುತ್ತದೆ. ಅಂದರೆ ಏಪ್ರಿಲ್ ತಿಂಗಳಲ್ಲಿ ಕಿಟಕಿ ಮುಚ್ಚಿಕೊಂಡು, ಊಟಿಯಲ್ಲಿ ಹಚ್ಚುವಂಥ ರೂಮ್ ಹೀಟರ್ ಹಚ್ಚಿ ಮಲಗಿದ ಹಾಗೆ.

ಇದು ಆಗ ನನಗೆ ಹೊಳೆದಿರಲಿಲ್ಲ. ಕಾರ್ಡ್ ಬಿಸಿಯಾಗುತ್ತಿದೆ, ಕಾರ್ಡ್ ತಣ್ಣಗೆ ಮಾಡಬೇಕು ಅಷ್ಟೇ ಅಂದುಕೊಂಡಿದ್ದೆ. ಕಾರ್ಡಿನ ಟೆಂಪರೇಚರ್ ನೋಡಿದರೆ 74 ಡಿಗ್ರಿ ತೋರಿಸುತ್ತಿತ್ತು. ಏನೂ ತಪ್ಪಿಲ್ಲ ಅನ್ನಿಸುವ ನಂಬರ್. ತಪ್ಪು ನಂಬರ್ ನೋಡುತ್ತಿದ್ದೆ. ಅದು ಚಿತ್ರದ ಲೆಕ್ಕ ಮಾಡುವ ಮುಖ್ಯ ಚಿಪ್ಪಿನದು. 3090ರಲ್ಲಿ ಮೆಮೊರಿ ಚಿಪ್ಪುಗಳು ಬೋರ್ಡಿನ ಎರಡೂ ಕಡೆ ಇರುತ್ತವೆ. ಮುಂದಿನ ಕಡೆಯವಕ್ಕೆ ಫ್ಯಾನು, ಶಾಖ ಹೀರಿ ಗಾಳಿಗೆ ಬಿಡುವ ಲೋಹದ ಹೀಟ್‌ಸಿಂಕ್ ಎಲ್ಲ ಇದೆ. ಹಿಂದಿನವಕ್ಕೆ ಒಂದು ತಗಡು, ಮಧ್ಯೆ ಶಾಖ ದಾಟಿಸುವ ಮೆತ್ತನೆಯ ಪ್ಯಾಡು, ಅಷ್ಟೇ. ಮೆಮೊರಿಯ ಟೆಂಪರೇಚರ್ ಬೇರೆ ಇರುತ್ತದೆ. ಎಚ್‌ಡಬ್ಲ್ಯೂ ಇನ್ಫೋ ಅಂತ ಒಂದು ಸಣ್ಣ ಸಾಫ್ಟ್‌ವೇರ್ ಅದನ್ನು ತೋರಿಸುತ್ತದೆ. ಹಾಕಿ ನೋಡಿದೆ. ಮಧ್ಯದ ಕಾರ್ಡಿನ ಮೆಮೊರಿ 110 ಡಿಗ್ರಿ. ಅಲ್ಲಿಗೆ ಬಂದರೆ ಕಾರ್ಡ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಎರಡು ಗಂಟೆ ರಾತ್ರಿಯ ಐದು ನಿಮಿಷದ ಫ್ರೇಮುಗಳು ಅಲ್ಲಿಂದ ಬಂದಿದ್ದವು.

ಮಧ್ಯದ್ದೇ ಯಾಕೆ? ಈ ಕಾರ್ಡುಗಳ ಫ್ಯಾನ್ ಬಿಸಿ ಗಾಳಿಯನ್ನು ಕ್ಯಾಬಿನೆಟ್ಟಿನಿಂದ ಆಚೆ ದಬ್ಬುವುದಿಲ್ಲ, ಸುತ್ತಮುತ್ತ ಚೆಲ್ಲುತ್ತವೆ. ಒಂದೇ ಕಾರ್ಡ್ ಇದ್ದರೆ ತೊಂದರೆಯಿಲ್ಲ. ಒಂದರ ಮೇಲೊಂದು ಕೂರಿಸಿದರೆ ಕೆಳಗಿನದು ಬಿಟ್ಟ ಉಸಿರನ್ನು ಮೇಲಿನದು ಎಳೆದುಕೊಳ್ಳುತ್ತದೆ. ತುಂಬಿದ ಬಸ್ಸಿನಲ್ಲಿ ಮಧ್ಯದ ಸೀಟಿನಲ್ಲಿ ಕೂತವನ ಗತಿ. ಸ್ಟುಡಿಯೋಗಳಲ್ಲಿ ಬ್ಲೋಯರ್ ಮಾದರಿಯ ಕಾರ್ಡು ಹಾಕುವುದು ಇದಕ್ಕೇ. ಅವು ಸದ್ದು ಜಾಸ್ತಿ ಮಾಡುತ್ತವೆ, ಆದರೆ ಗಾಳಿಯನ್ನು ಹಿಂದಿನಿಂದ ನೇರವಾಗಿ ಹೊರಗೆ ಹಾಕುತ್ತವೆ. ನನ್ನ ಬಜೆಟ್ಟಿಗೆ ಅವು ಸಿಗಲಿಲ್ಲ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ. ಕ್ಯಾಬಿನೆಟ್ಟಿನ ಪಕ್ಕದ ಗಾಜು ತೆಗೆದು ಎದುರಿಗೆ ಟೇಬಲ್ ಫ್ಯಾನ್ ಇಟ್ಟೆ. ಮೆಮೊರಿ ಐದಾರು ಡಿಗ್ರಿ ಇಳಿಯಿತು. ಖುಷಿಯಾಯಿತು. ನಾಲ್ಕು ದಿನಕ್ಕೆ ಒಳಗೆಲ್ಲ ಕೆಂಪು ಧೂಳು. ಅದಿರಿನ ಲಾರಿ ಓಡಾಡುವ ಜಿಲ್ಲೆ ಇದು. ಇಲ್ಲಿ ಬಿಳಿ ಅಂಗಿ ಹಾಕಿದವನಿಗೆ ಬೇರೆ ಹೇಳಬೇಕಿಲ್ಲ. ಹೀಟ್‌ಸಿಂಕ್ ರೆಕ್ಕೆಗಳ ಸಂದಿಯಲ್ಲಿ ಆ ಧೂಳು ಕಂಬಳಿಯ ಹಾಗೆ ಕೂತುಬಿಟ್ಟಿತ್ತು. ಗಾಜು ವಾಪಸ್ ಹಾಕಿದೆ. ಗಾಳಿ ಒಳಗೆ ಬರುವ ಕಡೆ ಬಲೆಯ ಫಿಲ್ಟರ್ ಹಾಕಿದೆ. ಹೊರಗೆ ಹೋಗುವುದಕ್ಕಿಂತ ಒಳಗೆ ಬರುವ ಗಾಳಿ ಸ್ವಲ್ಪ ಜಾಸ್ತಿ ಇರುವ ಹಾಗೆ ಫ್ಯಾನುಗಳನ್ನು ತಿರುಗಿಸಿದೆ. ಹಾಗಿದ್ದರೆ ಸಂದಿಗೊಂದಿಗಳಿಂದ ಧೂಳು ನುಗ್ಗುವುದಿಲ್ಲ. ಭಾನುವಾರಕ್ಕೊಮ್ಮೆ ಫಿಲ್ಟರ್ ತೊಳೆದರೆ ಬಕೆಟ್ಟಿನ ನೀರು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು.

ಆಮೇಲೆ ಮಧ್ಯದ ಕಾರ್ಡನ್ನು ಅಲ್ಲಿಂದ ತೆಗೆದು, ಕಾರ್ಡನ್ನು ದೂರದಿಂದ ಬೋರ್ಡಿಗೆ ಜೋಡಿಸುವ ರೈಸರ್ ಕೇಬಲ್ ಹಾಕಿ, ಕ್ಯಾಬಿನೆಟ್ಟಿನ ಇನ್ನೊಂದು ಕಡೆ ನಿಲ್ಲಿಸಿದೆ. ಎರಡು ದಿನ ಮಷೀನು ಸರಿಯಾಗಿ ಬೂಟೇ ಆಗಲಿಲ್ಲ, ಬೂಟ್ ಆದಾಗಲೂ ಆಗಾಗ ಹ್ಯಾಂಗು. ಕೇಬಲ್ ಹಳೆಯ ಮಾದರಿಯದು, ಬೋರ್ಡು ಹೊಸ ವೇಗದಲ್ಲಿ ಮಾತಾಡಲು ನೋಡುತ್ತಿತ್ತು. ಬಯಾಸ್‌ನಲ್ಲಿ, ಅಂದರೆ ಬೋರ್ಡಿನ ಮೂಲ ಸೆಟ್ಟಿಂಗಿನಲ್ಲಿ, ಆ ಸ್ಲಾಟನ್ನು ಜೆನ್ 3 ಅನ್ನುವ ಹಳೆಯ ವೇಗಕ್ಕೆ ಇಳಿಸಿದ ಮೇಲೆ ಸರಿಹೋಯಿತು. ರೆಂಡರಿಂಗಿಗೆ ಇದರಿಂದ ನಷ್ಟ ಇಲ್ಲ. ಸೀನ್ ಒಮ್ಮೆ ಕಾರ್ಡಿಗೆ ಹೋಗಿ ಕೂತರೆ ಆಮೇಲೆ ಆ ದಾರಿಯಲ್ಲಿ ಓಡಾಟವೇ ಕಮ್ಮಿ.

ಪ್ಯಾಡ್ ಬದಲಿಸಿದ ಕಥೆ ಹೇಳಲು ನಾಚಿಕೆಯಾಗುತ್ತದೆ. ಮೈನಿಂಗ್‌ನಲ್ಲಿ ವರ್ಷಗಟ್ಟಲೆ ಬೆಂದ ಕಾರ್ಡುಗಳು ಅಲ್ವಾ, ಪ್ಯಾಡುಗಳು ಒಣಗಿ ಎಣ್ಣೆ ಬಿಟ್ಟಿದ್ದವು. ಹೊಸದು ತರಿಸಿ, ಒಂದು ಕಾರ್ಡ್ ಬಿಚ್ಚಿ, ನೀಟಾಗಿ ಕತ್ತರಿಸಿ ಅಂಟಿಸಿದೆ. ಮೆಮೊರಿ 88ಕ್ಕೆ ಇಳಿಯಿತು. ಹಬ್ಬ! ಆದರೆ ಐದೇ ನಿಮಿಷದಲ್ಲಿ ಚಿಪ್ಪಿನ ಟೆಂಪರೇಚರ್ ತೊಂಬತ್ತು ದಾಟಿತು. ಪ್ಯಾಡು ಅರ್ಧ ಮಿಲಿಮೀಟರ್ ದಪ್ಪ ಜಾಸ್ತಿಯಾಗಿ ಹೀಟ್‌ಸಿಂಕನ್ನು ಎತ್ತಿ ಹಿಡಿದಿತ್ತು. ಚಿಪ್ಪಿಗೂ ತಾಮ್ರಕ್ಕೂ ಸರಿಯಾಗಿ ಮುಟ್ಟುತ್ತಲೇ ಇರಲಿಲ್ಲ. ಮೆಮೊರಿ ಉಳಿಸಲು ಹೋಗಿ ತಲೆಯನ್ನೇ ಸುಡುತ್ತಿದ್ದೆ. ಮತ್ತೆ ಬಿಚ್ಚು, ಮತ್ತೆ ತರಿಸು, ಮತ್ತೆ ಪೇಸ್ಟ್ ಹಚ್ಚು. ಬಿಚ್ಚುವ ಮೊದಲು ಆ ಕಾರ್ಡಿಗೆ, ಆ ಜಾಗಕ್ಕೆ ಎಷ್ಟು ದಪ್ಪದ ಪ್ಯಾಡ್ ಬೇಕು ಅಂತ ಖಾತ್ರಿ ಮಾಡಿಕೊಳ್ಳಿ. ಅಂದಾಜು ನಡೆಯುವುದಿಲ್ಲ.

ಇಷ್ಟೆಲ್ಲ ಸ್ಕ್ರೂ ತಿರುಗಿಸಿದ್ದಕ್ಕಿಂತ ದೊಡ್ಡ ಲಾಭ ಬಂದಿದ್ದು ಒಂದು ಸಾಲಿನ ಕಮಾಂಡಿನಿಂದ. ಕಾರ್ಡಿನ ಡ್ರೈವರ್ ಸಾಫ್ಟ್‌ವೇರ್ ಜೊತೆಗೇ ಎನ್‌ವಿಡಿಯಾ-ಎಸ್‌ಎಂಐ ಅಂತ ಒಂದು ಪ್ರೋಗ್ರಾಂ ಬರುತ್ತದೆ. ಅಡ್ಮಿನ್ ಆಗಿ ತೆರೆದು, ಪಿಎಲ್ ಅನ್ನುವ ಆಪ್ಷನ್ ಮುಂದೆ 250 ಅಂತ ಬರೆದರೆ, ಕಾರ್ಡು 250 ವ್ಯಾಟಿನ ಮೇಲೆ ಎಳೆಯುವುದಿಲ್ಲ. ನನಗೆ ಹೆದರಿಕೆ ಇತ್ತು: ವೇಗವೂ ಮೂರನೇ ಒಂದು ಭಾಗ ಹೋಗುತ್ತದೇನೋ ಅಂತ. ಮಾಡಿ ನೋಡಿದೆ. 3 ನಿಮಿಷ 20 ಸೆಕೆಂಡ್ ಇದ್ದದ್ದು 3 ನಿಮಿಷ 40 ಸೆಕೆಂಡ್ ಆಯಿತು. ಅಷ್ಟೇ. ಮೂರು ಕಾರ್ಡು ಸೇರಿ 300 ವ್ಯಾಟ್ ಉಳಿಯಿತು, ಮೆಮೊರಿ ಎಲ್ಲದರಲ್ಲೂ ತೊಂಬತ್ತರ ಆಸುಪಾಸಿಗೆ ಬಂತು. ಬೈಕನ್ನು ನಲವತ್ತರಿಂದ ಐವತ್ತಕ್ಕೆ ಏರಿಸುವುದಕ್ಕೂ, ತೊಂಬತ್ತರಿಂದ ನೂರಕ್ಕೆ ಏರಿಸುವುದಕ್ಕೂ ಪೆಟ್ರೋಲಿನ ಲೆಕ್ಕ ಬೇರೆ. ಚಿಪ್ಪಿನದೂ ಹಾಗೇ. ಕೊನೆಯ ಒಂದಿಷ್ಟು ವೇಗಕ್ಕೆ ಅದು ವೋಲ್ಟೇಜ್ ಏರಿಸುತ್ತದೆ, ಕರೆಂಟ್ ಕುಡಿಯುತ್ತದೆ, ಕೊಡುವುದು ಚಿಟಿಕೆಯಷ್ಟು. ಮಲಗಿರುವವನಿಗೆ ಫ್ರೇಮಿಗೆ ಇಪ್ಪತ್ತು ಸೆಕೆಂಡ್ ಹೋದರೇನು?

ಆದರೂ ರೂಮು ಮಾತ್ರ ಕುದಿಯುತ್ತಲೇ ಇತ್ತು. ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. ಹತ್ತಡಿ ಹನ್ನೆರಡಡಿ ರೂಮು, ಎತ್ತರ ಹತ್ತಡಿ. ಒಳಗಿರುವ ಗಾಳಿಯ ತೂಕ ನಲವತ್ತು ಕೆಜಿಯೂ ಬರುವುದಿಲ್ಲ. ಗೋಡೆ, ತಾರಸಿ ಮರೆತು ಬರೀ ಗಾಳಿಯ ಲೆಕ್ಕ ಹಿಡಿದರೆ ನನ್ನ ಮಷೀನು ಅದನ್ನು ಅರ್ಧ ನಿಮಿಷಕ್ಕೆ ಒಂದು ಡಿಗ್ರಿಯಷ್ಟು ಏರಿಸಬಲ್ಲದು. ಗೋಡೆ ಹೀರಿಕೊಳ್ಳುತ್ತದೆ ನಿಜ, ಆದರೆ ಬಳ್ಳಾರಿಯ ಗೋಡೆ ಏಪ್ರಿಲ್‌ನಲ್ಲಿ ಹೀರುವ ಸ್ಥಿತಿಯಲ್ಲಿ ಇರುವುದಿಲ್ಲ. ಕ್ಯಾಬಿನೆಟ್ಟಿಗೆ ಇನ್ನೂ ಹತ್ತು ಫ್ಯಾನ್ ಹಾಕಿದರೂ ಬಿಸಿಯನ್ನು ಡಬ್ಬಿಯಿಂದ ರೂಮಿಗೆ ಬೇಗ ತಳ್ಳಬಹುದು. ರೂಮಿನಿಂದ ಆಚೆ ಹಾಕುವವರು ಯಾರು?

ಏರ್ ಕೂಲರ್ ಇಟ್ಟೆ. ನಮ್ಮ ಒಣ ಹವೆಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಕಿಟಕಿ ತೆಗೆದಿರಬೇಕು. ಕಿಟಕಿ ತೆಗೆದರೆ ಧೂಳು. ಮುಚ್ಚಿದರೆ ಒಂದು ಗಂಟೆಯಲ್ಲಿ ರೂಮು ಒದ್ದೆ ಬಟ್ಟೆಯ ಹಾಗೆ. ಕೊನೆಗೆ ಸೆಕೆಂಡ್ ಹ್ಯಾಂಡ್ ಒಂದೂವರೆ ಟನ್ ಎಸಿ ತಂದೆ. ಮಷೀನಿನ ಹಿಂಭಾಗಕ್ಕೆ ಎದುರಾಗಿ, ಮೇಲಿನ ವೆಂಟಿಲೇಟರಿನಲ್ಲಿ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಕೂರಿಸಿದೆ. ಸಂಜೆಯಾದ ಮೇಲೆ ಹೊರಗಿನ ಗಾಳಿ ರೂಮಿನದಕ್ಕಿಂತ ತಣ್ಣಗಿದ್ದರೆ ಎಕ್ಸಾಸ್ಟು, ಇಲ್ಲದಿದ್ದರೆ ಎಸಿ. ಎರಡನ್ನೂ ಒಟ್ಟಿಗೆ ಹಾಕಿದರೆ ಎಸಿಯ ತಂಪಿಗೆ ದುಡ್ಡು ಕೊಟ್ಟು ಬೀದಿಗೆ ಸುರಿದ ಹಾಗೆ.

ಎಸಿ ವೈರಿಂಗಿಗೆ ಬಂದ ಎಲೆಕ್ಟ್ರಿಷಿಯನ್ ನನ್ನ ಮಷೀನಿನ ಪ್ಲಗ್ ಮುಟ್ಟಿ ಕೈ ಹಿಂದೆಳೆದುಕೊಂಡರು.

"ಸಾರ್, ಇದು ಕಂಪ್ಯೂಟರಾ, ಗೀಸರಾ?"

"ಕಂಪ್ಯೂಟರೇ ಅಣ್ಣ. ಯಾಕೆ?"

"ಆರು ಆಂಪ್ ಸಾಕೆಟ್ಟಿಗೆ ಸಿಗಿಸೀರಲ್ಲ. ಸಂಜೆ ವೋಲ್ಟೇಜ್ ಬಿದ್ರೆ ಇನ್ನೂ ಜಾಸ್ತಿ ಎಳೀತದೆ. ನೀವು ಮಲ್ಕೊಂಡಾಗ ಇದು ಹತ್ಕೊಂಡ್ರೆ ಯಾರು ನೋಡ್ತಾರೆ?"

ನಿಜ ಹೇಳಬೇಕೆಂದರೆ, ಇಷ್ಟು ದಿನ ಗ್ರಾಫು ನೋಡಿದ ನಾನು ಒಂದು ಸಲವೂ ಪ್ಲಗ್ ಮುಟ್ಟಿ ನೋಡಿರಲಿಲ್ಲ. ಲಿಮಿಟ್ ಹಾಕುವ ಮೊದಲಿನ 1,400 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ ಆರು ಆಂಪ್ ದಾಟುತ್ತದೆ. ಸ್ಕೂಲ್ ಲೆಕ್ಕ. ಅವರು ಮೀಟರ್ ಬೋರ್ಡಿನಿಂದ ದಪ್ಪ ವೈರ್ ಎಳೆದು, ಮಷೀನಿಗೆ ಒಂದು, ಎಸಿಗೆ ಒಂದು, ಬೇರೆ ಬೇರೆ 16 ಆಂಪ್ ಪಾಯಿಂಟ್ ಹಾಕಿಕೊಟ್ಟರು. ಯಾರೂ ಇಲ್ಲದಾಗ ಮಷೀನು ಓಡಿಸುವವರು ಮೊದಲು ಖರ್ಚು ಮಾಡಬೇಕಾದ್ದು ಇಲ್ಲಿ ಅಂತ ಈಗ ಯಾರು ಕೇಳಿದರೂ ಹೇಳುತ್ತೇನೆ.

ಈಗ ಎಲ್ಲ ಸರಿಯಿದೆ ಅಂದುಕೊಂಡೆ. ಮೂರು ರಾತ್ರಿ ಮಷೀನು ಕರಾರುವಾಕ್ಕಾಗಿ ಓಡಿತು. ನಾಲ್ಕನೇ ದಿನ ಹೊಸಪೇಟೆಯಲ್ಲಿ ತಂಗಿಯ ಮನೆಯ ಗೃಹಪ್ರವೇಶ. ಹೋಗಲೇಬೇಕು. ಹೋಗುವ ಮೊದಲು ಜಾಣತನದ ಕೆಲಸಗಳನ್ನೆಲ್ಲ ಮಾಡಿಟ್ಟೆ. ಕರೆಂಟ್ ಹೋಗಿ ಬಂದರೆ ಮಷೀನು ತಾನೇ ಆನ್ ಆಗುವ ಹಾಗೆ ಬಯಾಸ್‌ನಲ್ಲಿ ಬದಲಿಸಿದೆ. ಇಷ್ಟು ಕರೆಂಟನ್ನು ರಾತ್ರಿಯಿಡೀ ಕೊಡುವ ಯುಪಿಎಸ್ ನನ್ನ ಹತ್ತಿರ ಎಲ್ಲಿಂದ ಬರಬೇಕು? ಆನ್ ಆದ ತಕ್ಷಣ ರೆಂಡರ್ ಶುರುವಾಗುವ ಹಾಗೆ ಒಂದು ಸ್ಕ್ರಿಪ್ಟ್. ರೆಂಡರ್ ಮಾಡುವ ಸಾಫ್ಟ್‌ವೇರ್ ಬ್ಲೆಂಡರ್ ಕ್ರ್ಯಾಶ್ ಆದರೆ ಮತ್ತೆ ತಾನೇ ಎಬ್ಬಿಸುವ ಲೂಪ್. ಬ್ಲೆಂಡರ್‌ನಲ್ಲಿ ಓವರ್‌ರೈಟ್ ಆಫ್, ಪ್ಲೇಸ್‌ಹೋಲ್ಡರ್ ಆನ್. ಅಂದರೆ ಪ್ರತಿ ಫ್ರೇಮ್ ಶುರು ಮಾಡುವಾಗ ಅದರ ಹೆಸರಿನಲ್ಲಿ ಒಂದು ಖಾಲಿ ಫೈಲ್ ಇಡುತ್ತದೆ, ಇರುವ ಫೈಲನ್ನು ಮುಟ್ಟುವುದಿಲ್ಲ, ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಏನೇ ಆದರೂ ನಿಲ್ಲಬಾರದು ಅನ್ನುವ ಒಂದೇ ಹಟ.

ಮರುದಿನ ಬೆಳಿಗ್ಗೆ ಏಳೂವರೆಗೆ, ಹೋಮದ ಹೊಗೆಯ ಮಧ್ಯೆ ಕೂತು ಫೋನಿನಲ್ಲಿ ಫೋಲ್ಡರ್ ನೋಡಿದೆ. ಫೈಲುಗಳ ಸಂಖ್ಯೆ ನಾನು ಅಂದುಕೊಂಡಿದ್ದಕ್ಕಿಂತ ನೂರೈವತ್ತಕ್ಕೂ ಜಾಸ್ತಿ! ತಣ್ಣಗೆ ಇಟ್ಟರೆ ಇಷ್ಟು ವೇಗ ಬರುತ್ತಾ ಅಂತ ಬೀಗಿದೆ. ಭಾವನಿಗೂ ತೋರಿಸಿದೆ. ಹೋಳಿಗೆ ಎರಡು ಜಾಸ್ತಿಯೇ ತಿಂದೆ.

ಸಂಜೆ ಮನೆಗೆ ಬಂದು ಬಾಗಿಲು ತೆಗೆದರೆ ಮುಖಕ್ಕೆ ಹೊಡೆದ ಗಾಳಿ ಒಲೆಯ ಬಾಯಿಯಿಂದ ಬಂದ ಹಾಗಿತ್ತು. ಎಸಿ ಆಫ್. ಫೋಲ್ಡರಿನಲ್ಲಿ ಕೊನೆಯ ನೂರಾರು ಫೈಲುಗಳ ಗಾತ್ರ ಸೊನ್ನೆ.

ಸಮಯಗಳನ್ನು ಓದುತ್ತಾ ಹೋದಂತೆ ಇಡೀ ರಾತ್ರಿ ಕಣ್ಣಿಗೆ ಕಟ್ಟಿತು. 2 ಗಂಟೆ 40ಕ್ಕೆ ಕರೆಂಟ್ ಹೋಗಿದೆ. ಮೂರು ದಾಟಿದ ಮೇಲೆ ಬಂದಿದೆ. ಮಷೀನು ನಾನು ಹೇಳಿದ ಹಾಗೆ ತಾನೇ ಎದ್ದಿದೆ. ಎಸಿ ಎದ್ದಿಲ್ಲ. ಹಳೆಯದು, ರಿಮೋಟ್ ಒತ್ತಿದರೆ ಮಾತ್ರ ಆನ್ ಆಗುವುದು. ಇನ್ನೊಂದು, ಆ 250 ವ್ಯಾಟಿನ ಕಮಾಂಡ್ ಇದೆಯಲ್ಲ, ಅದು ಮಷೀನು ಆಫ್ ಆದರೆ ಮರೆತುಹೋಗುತ್ತದೆ. ಪ್ರತಿ ಸಲ ಆನ್ ಆದಾಗ ಮತ್ತೆ ಕೊಡಬೇಕು. ನನ್ನ ಸ್ಕ್ರಿಪ್ಟಿನಲ್ಲಿ ಆ ಸಾಲು ಹಾಕಿರಲೇ ಇಲ್ಲ. ಹಾಗಾಗಿ ಮೂರು ಕಾರ್ಡೂ ಮತ್ತೆ 350 ವ್ಯಾಟಿಗೆ ಹೋಗಿ, ಕಿಟಕಿ ಮುಚ್ಚಿದ, ಎಸಿ ಇಲ್ಲದ ರೂಮಿನಲ್ಲಿ ಓಡಿವೆ. ಫ್ರೇಮುಗಳು ಐದು ನಿಮಿಷ, ಆರು ನಿಮಿಷ. ಐದು ಗಂಟೆ ಹೊತ್ತಿಗೆ ರೈಸರಿನ ಕಾರ್ಡು ಸಾಕಪ್ಪಾ ಅಂತ ಕೈಕೊಟ್ಟಿದೆ. ಅದರ ಒಂದು ಫ್ಯಾನ್ ಜಾಮ್ ಆಗಿತ್ತು ಅಂತ ಆಮೇಲೆ ಗೊತ್ತಾಯಿತು. ಬ್ಲೆಂಡರ್ ಕ್ರ್ಯಾಶ್. ನನ್ನ ಲೂಪು ಎಬ್ಬಿಸಿದೆ. ಅದು ಮುಂದಿನ ಫ್ರೇಮಿಗೆ ಖಾಲಿ ಫೈಲ್ ಇಟ್ಟಿದೆ, ಕಾರ್ಡ್ ಸಿಗದೆ ಮತ್ತೆ ಕ್ರ್ಯಾಶ್. ಮತ್ತೆ ಎಬ್ಬಿಸಿದೆ. ಇರುವ ಫೈಲ್ ಮುಟ್ಟಬಾರದಲ್ಲ, ಅದರ ಮುಂದಿನದು. ನಲವತ್ತು ಸೆಕೆಂಡಿಗೆ ಒಂದು ಸೊನ್ನೆ. ನಾನು ಹೊಸಪೇಟೆಯಲ್ಲಿ ಬೀಗುತ್ತಿದ್ದದ್ದು ಆ ಸೊನ್ನೆಗಳನ್ನು ಎಣಿಸಿ.

ಹೊಸಪೇಟೆಯಿಂದ ಒಂದು ಫೈಲ್ ತೆರೆದು ನೋಡಿದ್ದರೂ ಗೊತ್ತಾಗುತ್ತಿತ್ತು. ಹೋಗಲಿ.

ಇಡೀ ಸಂಜೆ ನನ್ನ ಸ್ಕ್ರಿಪ್ಟನ್ನು ಉಲ್ಟಾ ಬರೆದೆ. ಈಗ ಕರೆಂಟ್ ಹೋಗಿ ಬಂದರೆ ಮಷೀನು ಆಫ್ ಆಗಿಯೇ ಇರುತ್ತದೆ. ನಾನು ಆನ್ ಮಾಡಿದಾಗ ಮೊದಲು ಪವರ್ ಲಿಮಿಟ್ ಹಾಕುತ್ತದೆ. ಹಾಕಿದ್ದು ನಿಜವಾಗಿಯೂ ಕೂತಿದೆಯಾ ಅಂತ ಓದಿ ನೋಡುತ್ತದೆ, ಮೂರೂ ಕಾರ್ಡ್ ಕಾಣದಿದ್ದರೆ ಶುರುವೇ ಮಾಡುವುದಿಲ್ಲ. ಸೊನ್ನೆ ಗಾತ್ರದ ಫೈಲುಗಳನ್ನು ಅಳಿಸುತ್ತದೆ. ನಿಮಿಷಕ್ಕೊಮ್ಮೆ ಟೆಂಪರೇಚರ್ ನೋಡಿ, ಯಾವುದಾದರೂ ಚಿಪ್ಪು 83 ಡಿಗ್ರಿಯ ಮೇಲೆ ಐದು ನಿಮಿಷ ನಿಂತರೆ ಬ್ಲೆಂಡರನ್ನು ನಿಲ್ಲಿಸಿ ಮಷೀನನ್ನೇ ಆಫ್ ಮಾಡುತ್ತದೆ. ಎರಡು ಸಲ ಕ್ರ್ಯಾಶ್ ಆದರೆ ಮೂರನೇ ಸಲ ಎಬ್ಬಿಸುವುದಿಲ್ಲ. ಮೆಮೊರಿಯ ಟೆಂಪರೇಚರ್ ಎನ್‌ವಿಡಿಯಾ-ಎಸ್‌ಎಂಐ ಕಮಾಂಡಿನಲ್ಲಿ ಸಿಗುವುದಿಲ್ಲ. ಅದಕ್ಕೆ ಎಚ್‌ಡಬ್ಲ್ಯೂ ಇನ್ಫೋದ ಲಾಗ್ ಫೈಲ್ ಓದಿಸುತ್ತೇನೆ. ರೂಮಿಗೆ ಒಂದು ಗೋಡೆಯ ಥರ್ಮಾಮೀಟರ್ ನೇತುಹಾಕಿ, ಅದರ ಎದುರು ಒಂದು ಹಳೆಯ ಫೋನಿನ ಕ್ಯಾಮೆರಾ ಇಟ್ಟೆ. ನೋಡಲು ಬಡತನದ ಏರ್ಪಾಡು, ಆದರೆ ಅದರಷ್ಟು ನಂಬಿಕೆಯದ್ದು ಇನ್ನೊಂದಿಲ್ಲ.

ಲಾಂಚಿಗೆ ಐದು ದಿನ ಉಳಿದಿತ್ತು, ಕಾರ್ಡು ಎರಡು ಉಳಿದಿದ್ದವು. ಲೆಕ್ಕ ಹಾಕಿದರೆ ಮುಗಿಯುವ ಹಾಗೆ ಕಾಣಲಿಲ್ಲ. ಆಗ ಬುದ್ಧಿ ಬಂದಿದ್ದು ಸೀನ್ ಕಡೆ. ಫ್ರೇಮಿನ ಪ್ರತಿ ಚುಕ್ಕೆಗೆ 1,024 ಸ್ಯಾಂಪಲ್ ಇಟ್ಟಿದ್ದೆ, ಅಂದರೆ ಬೆಳಕಿನ ಲೆಕ್ಕ ಅಷ್ಟು ಸಲ. ಸುಮ್ನೆ, ಅಭ್ಯಾಸಬಲ. ಆಕಾಶಕ್ಕೂ ಅಷ್ಟೇ, ಬಿಳಿ ಗೋಡೆಗೂ ಅಷ್ಟೇ. ಸಾಕಾದಲ್ಲಿ ತಾನೇ ನಿಲ್ಲಿಸುವ ನಾಯ್ಸ್ ಥ್ರೆಶ್‌ಹೋಲ್ಡನ್ನು ಸ್ವಲ್ಪ ಸಡಿಲ ಮಾಡಿ, ಸ್ಯಾಂಪಲನ್ನು 400ಕ್ಕೆ ಇಳಿಸಿ, ಉಳಿದ ಕಾಳುಕಾಳನ್ನು ನಯ ಮಾಡುವ ಡಿನಾಯ್ಸರ್ ಹಾಕಿದೆ. ಎರಡೇ ಕಾರ್ಡಿನಲ್ಲಿ ಫ್ರೇಮಿಗೆ ಎರಡೂವರೆ ನಿಮಿಷ. ಹಳೆಯದರ ಪಕ್ಕದಲ್ಲಿಟ್ಟು ನೋಡಿದರೆ ಮರದ ಎಲೆಗಳಲ್ಲಿ ಮಾತ್ರ, ಅದೂ ನನಗೆ ಮಾತ್ರ, ಒಂಚೂರು ವ್ಯತ್ಯಾಸ. ಎಲೆ ಜಾಸ್ತಿ ಇದ್ದ ಎರಡು ಶಾಟುಗಳಿಗೆ ಸ್ಯಾಂಪಲ್ ಏರಿಸಿದೆ, ಉಳಿದವಕ್ಕೆ ಅದೇ ಸಾಕು ಅಂದೆ. ದಿನಗಟ್ಟಲೆ ಫ್ಯಾನು, ಪ್ಯಾಡು, ಎಸಿ ಅಂತ ಒದ್ದಾಡಿದ ಶಾಖದಲ್ಲಿ ಅರ್ಧದಷ್ಟು ಹುಟ್ಟುವ ಅಗತ್ಯವೇ ಇರಲಿಲ್ಲ ಅಂತ ಗೊತ್ತಾದಾಗ ನಗು ಬಂತು, ಪೂರ್ತಿ ನಗು ಅಲ್ಲ.

ಲಾಂಚಿನ ಹಿಂದಿನ ರಾತ್ರಿ ವಿಡಿಯೋ ಕೊಟ್ಟೆ. ಪರದೆಯ ಮೇಲೆ ಓಡುವಾಗ ಎಲ್ಲರೂ ನೋಡಿದ್ದು ಸೈಟಿನ ನಂಬರು.

ಮೂರನೇ ಕಾರ್ಡಿಗೆ ಹೊಸ ಫ್ಯಾನ್ ಹಾಕಿಸಿದ್ದೇನೆ. ಮಾರ್ಚ್‌ನಿಂದ ಮೇ ತನಕ ಅದು ಬೀರುವಿನಲ್ಲಿ, ಹಳೆಯ ಪಂಚೆಯಲ್ಲಿ ಸುತ್ತಿ ಮಲಗಿರುತ್ತದೆ. ಮಳೆ ಬಿದ್ದ ಮೇಲೆಯೇ ಮಷೀನಿಗೆ ವಾಪಸ್. ಇದಕ್ಕೆ ಮನೆಯಲ್ಲಿ ಒಬ್ಬರು ಕಾಯುತ್ತಾರೆ. ಮಷೀನಿನ ಹಿಂದೆ ಬಿಸಿ ಗಾಳಿ ಬರುವ ಕಡೆ ಅಮ್ಮ ಒಂದು ಹಗ್ಗ ಕಟ್ಟಿದ್ದಾರೆ. ಮೋಡ ಕವಿದ ದಿನಗಳಲ್ಲಿ ಮೊಮ್ಮಗನ ಯೂನಿಫಾರ್ಮು, ಸಾಕ್ಸು ಒಣಗುವುದು ಅಲ್ಲೇ. ಫಿಲ್ಟರ್ ಹಾಕಿಯಾದ ಮೇಲೆ ಬಟ್ಟೆಗೆ ಧೂಳೂ ಹತ್ತುವುದಿಲ್ಲ. ಹೋದ ಸೆಪ್ಟೆಂಬರ್‌ನಲ್ಲಿ ಮೂರು ದಿನ ಜಿಟಿಜಿಟಿ ಮಳೆ ಹಿಡಿದಾಗ ಮೆಟ್ಟಿಲ ಕೆಳಗಿನಿಂದಲೇ ಕೂಗಿದರು: "ಏನೋ, ಇವತ್ತು ಏನೂ ಕೆಲಸ ಇಲ್ವೇನೋ? ಬಟ್ಟೆ ಎಲ್ಲ ಹಸಿಹಸಿ ಅದಾವೆ, ಆ ನಿನ್ ಮಷೀನು ಸ್ವಲ್ಪ ಹಾಕಬಾರದಾ?"